ಹಿತ್ತಿಲ ಹಂಡೆ

"ಇಷ್ಟು ದೊಡ್ಡ ಹಂಡೆ! ಒಲೆ ಎಲ್ಲಿದೆಯೋ?"

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ನಮ್ಮ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಮ್ಮ ಹಿತ್ತಿಲಿಗೆ ಹೋಗಿ, ಹಾಟ್ ಟಬ್ಬಿನ ಮುಚ್ಚಳ ಎತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ ಇದು. ಒಲೆ ಇಲ್ಲ, ಒಳಗೇ ಕರೆಂಟಿನ ಹೀಟರಿದೆ, ನಾವು ಈ ನೀರಿಗೇ ಇಳಿದು ಕೂರುತ್ತೇವೆ ಎಂದೆ. ಅವಳು ಒಮ್ಮೆ ನೀರನ್ನು, ಒಮ್ಮೆ ನನ್ನನ್ನು ನೋಡಿದಳು.

"ಎದ್ದ ಮೇಲೆ ನೀರು ಚೆಲ್ತೀರಾ?"

ಇಲ್ಲ.

"ಮತ್ತೆ ನಾಳೆ?"

ಇದೇ ನೀರು.

"ನಾಡಿದ್ದು?"

ನಾನು ಕಾಫಿಯ ವಿಷಯ ತೆಗೆದೆ.

ಟಬ್ಬನ್ನು ನಾವು ಬಯಸಿ ಕೊಂಡದ್ದಲ್ಲ. ಹಳೇ ಮನೆಯ ಜೊತೆ ಅಲ್ಲಿಯ ಬೆಕ್ಕೂ ಸಿಗುತ್ತದಲ್ಲ, ಹಾಗೆ ಮನೆಯ ಜೊತೆ ಬಂದದ್ದು. ಹಿಡಿಯುವುದು 350 ಗ್ಯಾಲನ್, ಹತ್ತಿರ ಹತ್ತಿರ 1,300 ಲೀಟರ್. ತಿಪಟೂರಿನ ಆಚೆಗಿನ ನಮ್ಮ ಹಳ್ಳಿಮನೆಯ ತಾಮ್ರದ ಹಂಡೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 60 ಲೀಟರ್. ಅಂಥ ಇಪ್ಪತ್ತೆರಡು ಹಂಡೆ ನೀರನ್ನು ಒಟ್ಟಿಗೆ ಕಾಯಿಸಿ, ಅದರಲ್ಲಿ ಗಂಡ ಹೆಂಡತಿ ಇಬ್ಬರು ಕೂತು ಬೆನ್ನುನೋವಿನ ಬಗ್ಗೆ ಮಾತಾಡುತ್ತೇವೆ.

ನೀರನ್ನು ಯಾವಾಗ ಬದಲಿಸಬೇಕು ಎನ್ನುವುದಕ್ಕೆ ಇಲ್ಲಿಯವರದ್ದೊಂದು ಬಾಯಿಲೆಕ್ಕವಿದೆ. ಗ್ಯಾಲನ್ನನ್ನು ಮೂರರಿಂದ ಭಾಗಿಸು, ಬಂದದ್ದನ್ನು ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ಅದರಿಂದ ಭಾಗಿಸು; ಅಷ್ಟು ದಿನಕ್ಕೊಮ್ಮೆ. ನಮ್ಮ ಲೆಕ್ಕಕ್ಕೆ 58 ದಿನ ಬರುತ್ತದೆ. ಕ್ಲೋರಿನ್ ಕ್ರಿಮಿಯನ್ನು ಕೊಲ್ಲುತ್ತದೆ, ಸರಿ. ಆದರೆ ಬೆವರಿನ ಉಪ್ಪು, ಸೋಪಿನ ಶೇಷ, ಹಾಕಿದ ರಾಸಾಯನಿಕಗಳ ಶೇಷ ಎಲ್ಲಿಗೆ ಹೋದಾವು? ನೀರು ಆವಿಯಾಗುತ್ತದೆ, ಅವು ಉಳಿಯುತ್ತವೆ. ನಿನ್ನೆಯ ಸಾರನ್ನು ಇವತ್ತು ಕುದಿಸಿ, ನಾಳೆ ಮತ್ತೆ ಕುದಿಸಿದರೆ ಆಗುವ ಗತಿಯೇ. ಒಂದು ಹಂತ ದಾಟಿದ ಮೇಲೆ ಏನು ಹಾಕಿದರೂ ನೀರು ತಿಳಿಯಾಗುವುದಿಲ್ಲ. ನಮ್ಮದು ಆ ಹಂತವನ್ನು ಎಂದೋ ದಾಟಿತ್ತು. 58 ದಿನ ಎಲ್ಲಿ ಬಂತು, ಎಂಟು ತಿಂಗಳಾಗಿತ್ತು. ಇದನ್ನು ಅಮ್ಮನಿಗೆ ಹೇಳಿದವಳು ನನ್ನ ಹೆಂಡತಿ.

"ಬರೋ ವಾರ ನೀರು ತುಂಬೋ ಹಬ್ಬ. ಅವತ್ತು ಇದನ್ನ ತೊಳೀತೀಯ," ಎಂದು ಅಮ್ಮ ತೀರ್ಪು ಕೊಟ್ಟಳು.

ನರಕ ಚತುರ್ದಶಿಯ ಹಿಂದಿನ ದಿನ ಊರಿನಲ್ಲಿ ನನ್ನ ಪಾಲಿಗೆ ಹಬ್ಬವಾಗಿರಲಿಲ್ಲ, ಕೂಲಿಯಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಪ್ಪನೂ ನಾನೂ ಹಂಡೆಯನ್ನು ಬಚ್ಚಲ ಒಲೆಯಿಂದ ಇಳಿಸುತ್ತಿದ್ದೆವು. ವರ್ಷವಿಡೀ ತೆಂಗಿನ ಮಟ್ಟೆ, ಗರಿ, ಕರಟದ ಬೆಂಕಿ ತಿಂದ ಹಂಡೆಯ ಹೊರಮೈ ಮೇಲೆ ಬೆರಳು ದಪ್ಪ ಮಸಿ. ಅದು ಹೇಗೋ ಕೆರೆದರೆ ಬರುತ್ತದೆ, ಕಷ್ಟ ಒಳಗಿನದು. ನಮ್ಮದು ಗಡಸು ನೀರಿನ ಸೀಮೆ. ಹಂಡೆಯ ಒಳಗೆಲ್ಲ ಬೂದು ಬಣ್ಣದ ಸುಣ್ಣದ ಹಕ್ಕೆ. ಆರನೇ ಕ್ಲಾಸಿನವರೆಗೂ ನಾನು ಹಂಡೆಯ ಬಾಯೊಳಗೆ ತೂರುತ್ತಿದ್ದೆನಾದ್ದರಿಂದ ಆ ಕೆಲಸ ನನ್ನದೇ. ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ, ತೆಂಗಿನ ನಾರು. ಒಳಗೆ ಕೂತು ಉಜ್ಜುವಾಗ ಉಸಿರಾಡಿದರೂ ಗುಡಿಯ ಗಂಟೆಯೊಳಗೆ ಕೂತಂತೆ ಮೊಳಗುತ್ತಿತ್ತು. ಸಂಜೆಗೆ ಹಂಡೆ ಹೊಸದಾಗಿ ಒಲೆಯ ಮೇಲೆ ಕೂತು, ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಚೆಂಡುಹೂವಿನ ಸರ ಏರಿಸಿಕೊಂಡು, ಅರಿಶಿನ ಕುಂಕುಮ ಇಟ್ಟುಕೊಂಡು ಮನೆಯ ಹಿರಿಯ ಮುತ್ತೈದೆಯಂತೆ ಕಾಣುತ್ತಿತ್ತು. ಆಮೇಲೆ ನೀರು ತುಂಬುವುದು. ನನಗೆ ಬುದ್ಧಿ ಬರುವ ಹೊತ್ತಿಗೆ ಕೊಡದಲ್ಲಿ ಸೇದಿ ಹೊರುವುದು ಮುಗಿದು, ಬಾವಿಗೆ ಜೆಟ್ ಪಂಪು ಬಂದಿತ್ತು. ಆ ಪಂಪಿನ ವಿಷಯ ಆಮೇಲೆ ಬರುತ್ತದೆ.

ಹಾಟ್ ಟಬ್ಬನ್ನು ಖಾಲಿ ಮಾಡುವುದಕ್ಕಿಂತ ಮೊದಲು ಅದಕ್ಕೊಂದು ಭೇದಿ ಮಾತ್ರೆ ಕೊಡಬೇಕು. ಟಬ್ಬಿನ ಗೋಡೆಯ ಹಿಂದೆ ಕಣ್ಣಿಗೆ ಕಾಣದ ಹತ್ತಾರು ಅಡಿ ಪೈಪು ಸುತ್ತಿಕೊಂಡಿರುತ್ತದೆ. ಅದರ ಒಳಗೋಡೆಗೆ ಲೋಳೆಯಂಥ ಪದರ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾಗಳು ಕ್ಲೋರಿನ್ನಿನ ಕೈಗೆ ಸಿಗದೆ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತವೆ. ಹಳೇ ನೀರು ಇರುವಾಗಲೇ ಪೈಪು ತೊಳೆಯುವ ದ್ರಾವಣ ಸುರಿದು ಜೆಟ್ಟುಗಳನ್ನು ಓಡಿಸಬೇಕು. ಸುರಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ನೊರೆ ಎದ್ದಿತು, ನೊರೆಯ ಜೊತೆ ಕಂದು ಬಣ್ಣದ ಗಸಿ, ಗಸಿಯ ಜೊತೆ ಟಿಶ್ಯೂ ಪೇಪರಿನ ಚೂರಿನಂಥದ್ದು. ಅಮ್ಮ ಮೂಗಿಗೆ ಸೆರಗು ಹಿಡಿದು ಹತ್ತಿರ ಬಂದು ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಬ್ರೇಕರ್ ಆಫ್ ಮಾಡಿ (ಮಾಡದಿದ್ದರೆ ಖಾಲಿ ಹೀಟರು ಸುಟ್ಟುಹೋಗುತ್ತದೆ), ಕೆಳಗಿನ ನಲ್ಲಿಗೆ ಹೋಸು ಸಿಕ್ಕಿಸಿ ನೀರು ಬಿಟ್ಟೆ. ಎಲ್ಲಿಗೆ ಬಿಡುವುದು ಎನ್ನುವುದೇ ಇಲ್ಲಿ ದೊಡ್ಡ ಜಿಜ್ಞಾಸೆ. ಬೀದಿಯ ಮೋರಿಗೆ ಬಿಡುವಂತಿಲ್ಲ. ಮಳೆನೀರಿನ ಮೋರಿ ಇಲ್ಲಿ ಯಾವ ಶುದ್ಧೀಕರಣವೂ ಇಲ್ಲದೆ ನೇರ ಹಳ್ಳಕ್ಕೆ, ಹಳ್ಳದಿಂದ ಕೊಲ್ಲಿಗೆ ಸೇರುತ್ತದೆ. ಕ್ಲೋರಿನ್ನಿಗೆ ಮೀನು ಸಾಯುತ್ತವೆ. ಮೋರಿಯ ಬಾಯಲ್ಲೇ ಮೀನಿನ ಚಿತ್ರ ಹಾಕಿ ಎಚ್ಚರಿಕೆ ಬರೆದಿರುತ್ತಾರೆ. "ನಿಂಬೇಗಿಡಕ್ಕಾದರೂ ಬಿಡೋ," ಅಂದಳು ಅಮ್ಮ. ಊರಿನಲ್ಲಿ ಬಚ್ಚಲ ನೀರು ಒಂದು ತೊಟ್ಟೂ ಸುಮ್ಮನೆ ಹೋದದ್ದಿಲ್ಲ. ಬಾಳೆ, ಕೆಸು, ಕೊನೆಗೆ ಒಂದು ತೆಂಗು. ಬರೀ ಕ್ಲೋರಿನ್ ನೀರಾದರೆ ನಾಲ್ಕು ದಿನ ಮುಚ್ಚಳ ತೆಗೆದಿಟ್ಟು ಹಾರಿಹೋದ ಮೇಲೆ ಗಿಡಕ್ಕೆ ಬಿಡಬಹುದು. ಆದರೆ ಆ ದ್ರಾವಣ ಬಿದ್ದ ಮೇಲೆ ಒಳಚರಂಡಿಯೇ ಗತಿ. 2015ರಲ್ಲಿ, ನಾಲ್ಕನೇ ವರ್ಷದ ಬರದಲ್ಲಿ, ಈ ರಾಜ್ಯದ ಪಟ್ಟಣಗಳೆಲ್ಲ ಸೇರಿ ನೀರಿನ ಬಳಕೆಯನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತ್ತು. ಆ ನೆಲದಲ್ಲಿ ನಿಂತು, ಅದೂ ತಿಪಟೂರು ಸೀಮೆಯವನು, 1,300 ಲೀಟರ್ ನೀರು ಕೊಳವೆಗೆ ಇಳಿಯುವುದನ್ನು ಎರಡೂವರೆ ಗಂಟೆ ನೋಡುವುದು ಸಣ್ಣ ಶಿಕ್ಷೆಯಲ್ಲ.

ಹೊತ್ತು ಹೋಗಲೆಂದು ಅಮ್ಮನಿಗೆ ಜಕೂಜಿಗಳ ಕಥೆ ಹೇಳಿದೆ. ಇಂಥ ಟಬ್ಬಿಗೆ ಜನ ಜಕೂಜಿ ಅನ್ನುತ್ತಾರಲ್ಲ, ಅದು ತೊಟ್ಟಿಯ ಹೆಸರಲ್ಲ, ಒಂದು ಮನೆತನದ ಹೆಸರು. ಇಟಲಿಯ ಫ್ರಿಯುಲಿ ಎಂಬ ಕಡೆಯಿಂದ ಬಂದ ಏಳು ಜನ ಅಣ್ಣತಮ್ಮಂದಿರು. 1915ರಲ್ಲಿ, ನಮ್ಮ ಮನೆಯಿಂದ ಒಂದು ಗಂಟೆಯೂ ಆಗದ ಬರ್ಕ್ಲಿಯಲ್ಲಿ, ಕಾರ್ಖಾನೆ ಹಾಕಿದರು. ಮಾಡುತ್ತಿದ್ದದ್ದು ವಿಮಾನದ ಮರದ ಪ್ರೊಪೆಲ್ಲರು. ಆಮೇಲೆ ವಿಮಾನವನ್ನೇ ಮಾಡಿದರು. 1921ರಲ್ಲಿ ಅದು ಮಾಡೆಸ್ಟೋ ಬಳಿ ಬಿದ್ದು, ಸೋದರರಲ್ಲೊಬ್ಬನಾದ ಜೊಕೊಂಡೊ ಸತ್ತ. ಅಲ್ಲಿಗೆ ವಿಮಾನದ ಸಹವಾಸ ಮುಗಿಯಿತು.

"ಹೆತ್ತವಳು ಬೇಡ ಅಂದಿರ್ತಾಳೆ," ಅಂದಳು ಅಮ್ಮ.

ಗಾಳಿಯನ್ನು ಬಿಟ್ಟವರು ನೀರನ್ನು ಹಿಡಿದರು. ಸೋದರರಲ್ಲಿ ಯಂತ್ರದ ತಲೆ ಇದ್ದವನು ರಕೇಲೆ. 1926ರ ಹೊತ್ತಿಗೆ ಅವನು ಹೊಲದ ಬಾವಿಗಳಿಗೆ ಒಂದು ಹೊಸ ಬಗೆಯ ಪಂಪು ಮಾಡಿದ. ಮೇಲೆ ಕೂತ ಪಂಪು ನೀರನ್ನು ಹೀರಿ ಎತ್ತುವುದಕ್ಕೆ ಒಂದು ಮಿತಿಯಿದೆ. ನಿಜವಾಗಿ ಅದು ಎಳೆಯುವುದಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುವುದು. ಆ ಒತ್ತಡಕ್ಕೆ ಶಕ್ತಿ ಇರುವುದು 10 ಮೀಟರ್ ಚಿಲ್ಲರೆಗೆ, ಕೆಲಸದಲ್ಲಿ ಏಳೆಂಟು ಮೀಟರಿಗೇ ಸೋಲುತ್ತದೆ. ರಕೇಲೆಯ ಪಂಪು ಮೇಲೆ ಬಂದ ನೀರಿನಲ್ಲಿ ಒಂದು ಪಾಲನ್ನು ಇನ್ನೊಂದು ಪೈಪಿನಲ್ಲಿ ಬಾವಿಯ ತಳಕ್ಕೆ ವಾಪಸು ಕಳಿಸುತ್ತಿತ್ತು. ಅಲ್ಲಿ ಅದು ಕಿರಿದಾದ ಮೂತಿಯಿಂದ ರಭಸವಾಗಿ ಚಿಮ್ಮಿದಾಗ ಸುತ್ತಲಿನ ಒತ್ತಡ ಇಳಿದು, ಪಕ್ಕದ ನೀರೂ ಅದರ ಜೊತೆ ಮೇಲಕ್ಕೆ ಹೊರಡುತ್ತಿತ್ತು.

"ನಿಮ್ಮಪ್ಪ ಹಾಕ್ಸಿದ್ದೂ ಅದೇ ಅಲ್ವೇನೋ? ದಪ್ಪದೊಂದು, ಸಣ್ಣದೊಂದು, ಎರಡು ಪೈಪು."

ಅದೇ. ಅಪ್ಪನದು ಕೊಯಮತ್ತೂರಿನಿಂದ ಬಂದ ಪಂಪು, ಅದರ ಮೈಮೇಲೆ ಬೇರೆ ಹೆಸರು. ಆದರೆ ಒಳಗಿನ ಉಪಾಯ ಅದೇ. ಬಾವಿಗೆ ಇಣುಕಿದರೆ ಕಾಣುತ್ತಿದ್ದ ಆ ಎರಡು ಪೈಪಿನಲ್ಲಿ ಒಂದು ನೀರನ್ನು ಕೆಳಕ್ಕೆ ಒಯ್ಯುತ್ತದೆ ಎಂದು ಅಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ಕಷ್ಟಪಟ್ಟು ಎತ್ತಿದ ನೀರನ್ನು ಯಾರಾದರೂ ಬಾವಿಗೇ ಹಾಕುತ್ತಾರೆಯೇ? "ಹೋದ ನೀರು ಸುಮ್ನೆ ಬರಲ್ಲ, ನೆಂಟರನ್ನ ಕರ್ಕೊಂಡು ಬರುತ್ತೆ," ಎಂದಿದ್ದ ಅಪ್ಪ.

ಬಾವಿಯ ಪಂಪು ಸ್ನಾನದ ತೊಟ್ಟಿಗೆ ಬಂದದ್ದು ಒಂದು ಮಗುವಿನಿಂದ. ಕಿರಿಯ ಸೋದರ ಕಂದಿದೊನ ಮಗ ಕೆನೆತ್‌ಗೆ ಎಳೆತನದಲ್ಲೇ ಕೀಲುವಾತ. ಆಸ್ಪತ್ರೆಯ ಸುಳಿನೀರಿನ ತೊಟ್ಟಿಯಲ್ಲಿ ಕೂರಿಸಿದರೆ ನೋವು ಇಳಿಯುತ್ತಿತ್ತು. ಆದರೆ ದಿನಾ ಆಸ್ಪತ್ರೆಗೆ ಒಯ್ಯುವುದು ಹೇಗೆ? 1940ರ ದಶಕದ ಕೊನೆಗೆ ಮನೆಯ ತೊಟ್ಟಿಯಲ್ಲೇ ಇಳಿಬಿಡುವಂಥ ಪುಟ್ಟ ಪಂಪೊಂದು ತಯಾರಾಯಿತು. 1950ರ ದಶಕದಲ್ಲಿ ಅದು ಅಂಗಡಿಗೆ ಬಂತು, ಚಿಕಿತ್ಸೆಯ ಸಲಕರಣೆಯಾಗಿ. 1968ರಲ್ಲಿ ಅದೇ ಮನೆತನದ ಮುಂದಿನ ತಲೆಮಾರಿನ ರಾಯ್ ಜಕೂಜಿ, ಜೆಟ್ಟುಗಳನ್ನು ತೊಟ್ಟಿಯ ಗೋಡೆಯಲ್ಲೇ ಕೂರಿಸಿ ಮಾರಿದ. ಚಿಕಿತ್ಸೆ ಹೋಗಿ ವಿಲಾಸವಾಯಿತು. ಆ ದಶಕದಲ್ಲೇ ದಕ್ಷಿಣಕ್ಕೆ ಸಾಂತಾ ಬಾರ್ಬರಾದ ಕಡೆ, ಹಳೆಯ ವೈನ್ ಪೀಪಾಯಿಗಳಿಗೆ ಬಿಸಿನೀರು ತುಂಬಿ ಸ್ನೇಹಿತರೆಲ್ಲ ಇಳಿದು ಕೂರುವ ಖಯಾಲಿ ಶುರುವಾಗಿತ್ತು. ಪೀಪಾಯಿಗೂ ಪಂಪಿಗೂ ಹುಟ್ಟಿದ ಕೂಸು ನಮ್ಮ ಹಿತ್ತಿಲಿನದು. (ಪೀಪಾಯಿಯಲ್ಲಿ ಕೂರುತ್ತಿದ್ದವರು ಬಟ್ಟೆ ಹಾಕಿಕೊಳ್ಳುತ್ತಿರಲಿಲ್ಲ ಎನ್ನುವ ಭಾಗವನ್ನು ಅಮ್ಮನಿಗೆ ಹೇಳಲಿಲ್ಲ.)

"ಆ ಮಗು ಏನಾಯ್ತು?" ಎಂದಳು. ಬದುಕಿದ, ತನ್ನ ಕಥೆಯನ್ನು ಪುಸ್ತಕವಾಗಿಯೂ ಬರೆದ ಎಂದೆ. ಆಗ ಅವಳು ಟಬ್ಬಿನ ಅಂಚನ್ನು ಅಂಗೈಯಲ್ಲಿ ಒಮ್ಮೆ ಸವರಿದಳು.

ಖಾಲಿ ತೊಟ್ಟಿಯೊಳಗೆ ಇಳಿದು ಕೂತೆ. ಎಷ್ಟೋ ವರ್ಷಗಳ ಮೇಲೆ ಮತ್ತೆ ಹಂಡೆಯೊಳಗೆ. ಇದು ಅಕ್ರಿಲಿಕ್, ಮೊಳಗುವುದಿಲ್ಲ. ಇಟ್ಟಿಗೆ ಪುಡಿ ತಂದರೆ ಗೀರು ಬೀಳುತ್ತದೆ. ಮೆತ್ತನೆ ಬಟ್ಟೆ, ವಿನೆಗರ್ ಅಷ್ಟೇ. ಹುಣಸೆಹುಳಿಯ ಬದಲು ಇನ್ನೊಂದು ಹುಳಿ. ಅಮ್ಮ ಮೇಲೆ ನಿಂತು ಬೆರಳು ತೋರಿಸುತ್ತಿದ್ದಳು: ಅಲ್ಲಿ, ಆ ಸಂದಿಯಲ್ಲಿ, ಹಿಂದೆ.

ಆಮೇಲಿನ ಪಜೀತಿ ಅವಳಿಗೆ ಇವತ್ತಿಗೂ ತಮಾಷೆ. ಊರಿನಲ್ಲಿ ಸುಣ್ಣ ಕೆರೆದು ಕೆರೆದು ಕೈ ಸವೆಸಿದವನು ಇಲ್ಲಿ ನೀರಿಗೆ ದುಡ್ಡು ಕೊಟ್ಟು ತಂದ ಕ್ಯಾಲ್ಸಿಯಂ ಸುರಿಯಬೇಕು. ನಮ್ಮ ನಲ್ಲಿಗೆ ಬರುವುದು ಸಿಯೆರಾ ಬೆಟ್ಟಗಳ ಹಿಮ ಕರಗಿದ ಮೊಕೆಲಮಿ ನದಿಯ ನೀರು. ತೀರಾ ಮೆದು. ಹಸಿದ ನೀರು ಅದು. ತನಗೆ ಬೇಕಾದ ಖನಿಜವನ್ನು ಸಿಕ್ಕಲ್ಲಿ ಕಿತ್ತುಕೊಳ್ಳುತ್ತದೆ, ಹೀಟರಿನ ಲೋಹವನ್ನೂ ಬಿಡುವುದಿಲ್ಲ. "ಊರಿಂದ ಒಂದು ಕೊಡ ತಂದಿದ್ರೆ ಸಾಕಾಗ್ತಿತ್ತು," ಎಂದಳು. ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ನೋಡಿ, ಚಿಟಿಕೆ ಅದು, ಚಮಚ ಇದು ಹಾಕುತ್ತಿದ್ದರೆ ಪಕ್ಕದಲ್ಲಿ ಅವಳು ಅಂಚಿನ ನಾಲ್ಕು ಕಡೆ ಅರಿಶಿನ ಕುಂಕುಮ ಇಟ್ಟಳು, ನೀರಿಗೂ ಒಂದು ಚಿಟಿಕೆ ಬಿಟ್ಟಳು. ನೀರಿಗೆ ಬಿದ್ದ ಅರಿಶಿನವನ್ನು ಕ್ಲೋರಿನ್ ಬೆಳಗಾಗುವುದರೊಳಗೆ ನುಂಗಿತು. ಅಂಚಿನದು ಇನ್ನೂ ಇದೆ.

ರಾತ್ರಿ ಎಂಟಕ್ಕೆ ಬ್ರೇಕರ್ ಹಾಕಿದೆ. ಕಾಯಲು ಎಂಟು ಹತ್ತು ಗಂಟೆ ಬೇಕು, ಬೆಳಗಿನ ಜಾವಕ್ಕೆ ಸರಿಹೋಗುತ್ತದೆ ಎನ್ನುವುದು ನನ್ನ ಲೆಕ್ಕ. ಪಂಪು ಗುಂಯ್ ಎಂದಿತು, ನೀರು ಅಲ್ಲಾಡಲಿಲ್ಲ. ಪರದೆಯ ಮೇಲೆ, ನೀರು ಹರಿಯುತ್ತಿಲ್ಲ ಎನ್ನುವ ಮೂರಕ್ಷರ. ಆಫ್ ಮಾಡಿದೆ, ಆನ್ ಮಾಡಿದೆ. ಮತ್ತದೇ. ಫಿಲ್ಟರಿನ ಬಾಯಿಗೆ ಹೋಸು ಇಟ್ಟು ತುಂಬಬೇಕಿತ್ತು, ನಾನು ಮೇಲಿಂದ ಸುರಿದಿದ್ದೆ. ರಿಪೇರಿಯವನನ್ನು ಕರೆಯಲೇ ಎಂದು ಫೋನು ಹಿಡಿದೆ.

"ಏರ್ ಹಿಡ್ಕೊಂಡಿದೆ ಕಣೋ," ಅಂದಳು ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ. "ನಟ್ಟು ಸಡಿಲ ಮಾಡಿ ನೀರು ಕುಡ್ಸು." ಅವಳು ಹೊರಗೆ ಬಂದಾಗ ಕೈಯಲ್ಲಿ ಸ್ಟೀಲಿನ ಚೊಂಬಿತ್ತು.

ಊರಿನಲ್ಲಿ ಫುಟ್‌ವಾಲ್ವ್ ಸೋರಿ ಪೈಪು ಖಾಲಿಯಾದಾಗಲೆಲ್ಲ ಇದೇ ಆಗುತ್ತಿತ್ತು. ಅಪ್ಪ ಪಂಪಿನ ನೆತ್ತಿಯ ನಟ್ಟು ಬಿಚ್ಚುತ್ತಿದ್ದ, ನಾನು ಚೊಂಬಿನಿಂದ ಹೊಯ್ಯುತ್ತಿದ್ದೆ, ಗುಳಗುಳ ಎಂದು ಗುಳ್ಳೆ ಬರುವುದು ನಿಲ್ಲುವವರೆಗೂ. ಅಲ್ಲಿ ಪಂಪು ಮೇಲೆ, ನೀರು ಕೆಳಗೆ. ಇಲ್ಲಿ ನೀರೇ ಪಂಪಿಗಿಂತ ಮೇಲಿದೆ. ಕುಡಿಸಬೇಕಾಗಿಲ್ಲ, ಗಾಳಿಗೆ ದಾರಿ ಬಿಟ್ಟರೆ ಸಾಕು. ಪಂಪು ಆಫ್ ಮಾಡಿ, ಪಕ್ಕದ ಹಲಗೆ ತೆಗೆದು, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಪಂಪಿಗೆ ಪೈಪು ಸೇರುವ ಯೂನಿಯನ್ನನ್ನು ಕಾಲು ಸುತ್ತು ಸಡಿಲಿಸಿದೆ. ಉಸ್ಸ್ ಎಂದಿತು. ಉದ್ದಕ್ಕೆ. ಆಮೇಲೆ ಮೊಳಕೈಗೆ ತಣ್ಣಗೆ ನೀರು. ಬಿಗಿದೆ, ಸ್ವಿಚ್ಚು ಹಾಕಿದೆ, ಇಡೀ ಟಬ್ಬು ನಡುಗಿ ನೀರು ಉಕ್ಕಿ ತಿರುಗಿತು.

ಚೊಂಬಿನ ನೀರನ್ನು ಅಮ್ಮ ನಿಂಬೇಗಿಡಕ್ಕೆ ಹಾಕಿದಳು.

ಬೆಳಿಗ್ಗೆ ಐದಕ್ಕೆ ಎಲ್ಲರ ನೆತ್ತಿಗೆ ಹರಳೆಣ್ಣೆ. ಎಣ್ಣೆ ಮೈಯಲ್ಲಿ ಟಬ್ಬಿಗೆ ಇಳಿದರೆ ನಿನ್ನೆಯ ಕೆಲಸವೆಲ್ಲ ಹಾಳು ಎಂದು ನಾನು ಹೇಳುವ ಮೊದಲೇ ಅವಳು ಹೇಳಿದಳು. ಸೀಗೆಪುಡಿಯ ಸ್ನಾನ ಮೇಲಿನ ಬಚ್ಚಲಲ್ಲೇ ಆಯಿತು. ಆಮೇಲೆ ನಾವಿಬ್ಬರು ಟಬ್ಬಿಗೆ ಇಳಿದೆವು. ಅಮ್ಮ ಇಳಿಯಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿ, ಅಂಚಿನ ಮೇಲೆ ಕೂತು, ಪಾದ ಮಾತ್ರ ಬಿಟ್ಟಳು. ಹೊಗೆಯಾಡುವ ನೀರಿನಲ್ಲಿ ಒಂದೊಂದೇ ಜೆಟ್ಟಿನ ಬಾಯಿಗೆ ಹಿಮ್ಮಡಿ ಕೊಟ್ಟು ನೋಡುತ್ತಾ ಹೋದಳು.

"ಇದು ಬರ್ತಿದೆ. ಇದೂ ಬರ್ತಿದೆ," ಎಂದವಳು ಮೂಲೆಯದಕ್ಕೆ ಬಂದು ನಿಂತಳು. "ಇದ್ಯಾಕೋ ಬರ್ತಿಲ್ಲ. ಚೊಂಬು ತಗೊಂಡ್ ಬಾ."