ರಟ್ಟಿನ ಆಣತಿ

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ಮಗ್ಗದ ಸದ್ದು. ಊರಿನ ವಿದ್ಯುತ್ ಮಗ್ಗಗಳೆಲ್ಲ ಒಂದೇ ಸೂರಿನಡಿ ಇಲ್ಲ. ಮನೆಗೆ ಎರಡು, ನಾಲ್ಕು ಎಂಬಂತೆ ಹರಡಿಕೊಂಡಿವೆ. ಒಂದು ಕೆಟ್ಟು ನಿಂತರೆ ನೆರೆಮನೆಯದು ನಿಲ್ಲುವುದಿಲ್ಲ. ಆದರೂ ಹತ್ತು ಮನೆಗಳ ಸೀರೆಯಂಚಿನಲ್ಲಿ ಒಂದೇ ಹಂಸ, ಒಂದೇ ಬಳ್ಳಿ ಮೂಡುವುದುಂಟು.

ಇದರ ಗುಟ್ಟು ಮಗ್ಗದ ನೆತ್ತಿಯ ಮೇಲೆ ಕುಳಿತಿರುವ ಜಕಾರ್ಡಿನಲ್ಲಿದೆ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಸಾಧನವದು. ಅದರೊಳಗೆ ತೂತು ಕೊರೆದ ರಟ್ಟುಗಳ ಮಾಲೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟು. ತೂತಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಕೆಳಗುಳಿಯುತ್ತದೆ. ಮಾಲೆಯನ್ನು ಬದಲಿಸಿದರೆ ಹಂಸ ಹೋಗಿ ನವಿಲು ಬರುತ್ತದೆ. ಮಗ್ಗದ ಕಬ್ಬಿಣವನ್ನು ಮುಟ್ಟಬೇಕಾಗಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಕಲ್ಪನೆಗೆ ಈ ರಟ್ಟನ್ನೇ ಎರವಲು ಪಡೆದನು.

ಬೆಂಗಳೂರಿನ ತಂತ್ರಾಂಶ ನಿರ್ಮಾಪಕರು ಇಂದು ಮಾಡುವುದೂ ಇದನ್ನೇ. ಸಾವಿರಾರು ಗಣಕಗಳಲ್ಲಿ ಹರಡಿದ ವ್ಯವಸ್ಥೆಯನ್ನು ಕಟ್ಟುವಾಗ, ಬದಲಾಗಬೇಕಾದುದನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿಡುತ್ತಾರೆ. ಅದಕ್ಕೆ ಕಾನ್ಫಿಗರೇಷನ್ ಎಂದು ಹೆಸರು. ಯಾವುದು ಕಬ್ಬಿಣದಲ್ಲಿರಬೇಕು, ಯಾವುದು ರಟ್ಟಿನಲ್ಲಿರಬೇಕು ಎಂಬ ವಿವೇಚನೆಯೇ ಆ ವಿದ್ಯೆಯ ಅರ್ಧ. ಎಲ್ಲವೂ ಕಬ್ಬಿಣದಲ್ಲಿದ್ದರೆ ಹೊಸ ಸೀರೆಗೆ ಹೊಸ ಮಗ್ಗವೇ ಬೇಕಾದೀತು. ಎಲ್ಲವನ್ನೂ ರಟ್ಟಿಗೆ ಬಿಟ್ಟರೆ ಅದನ್ನು ಓದಬಲ್ಲವರೇ ಸಿಗಲಾರರು.

ಉಳಿದರ್ಧ ಎಚ್ಚರ. ರಟ್ಟು ಹಗುರವೆಂದು ಅದರ ತಪ್ಪೂ ಹಗುರವಾದೀತೇ? ಒಂದು ತೂತು ತಪ್ಪಿದ ಮಾಲೆಯ ನಕಲು ಹತ್ತು ಮನೆಗೆ ಹೋದರೆ, ಹತ್ತು ಮಗ್ಗಗಳೂ ನಿಷ್ಠೆಯಿಂದ ಆ ತಪ್ಪನ್ನೇ ನೇಯುತ್ತವೆ. ನಷ್ಟ ಮಾತ್ರ ನೇಕಾರನ ಮನೆಯದು.

2024ರ ಜುಲೈ 19ರಂದು ನೆರೆಯ ದೇವನಹಳ್ಳಿಯಲ್ಲಿ ಈ ಮಾತಿಗೆ ಸಾಕ್ಷಿ ದೊರೆಯಿತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ಸಂಸ್ಥೆಗಳ ಗಣಕಗಳು ಕೈಕೊಟ್ಟು, ಸಿಬ್ಬಂದಿ ಪ್ರಯಾಣಿಕರ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಲೋಕಕ್ಕೆಲ್ಲ ಒಮ್ಮೆಗೇ ಕಳುಹಿಸಿದ ದೋಷಯುಕ್ತ ಕಾನ್ಫಿಗರೇಷನ್ ಕಡತವೊಂದು ಇದಕ್ಕೆ ಕಾರಣ. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಗಣಕಗಳು ಸ್ತಬ್ಧವಾದವು. ಮುಂದೆ ಇಂಥ ಕಡತಗಳನ್ನು ಹಂತಹಂತವಾಗಿ ಕಳುಹಿಸುವುದಾಗಿ ಆ ಸಂಸ್ಥೆ ತಿಳಿಸಿತು.

ಜಾಣ ನೇಕಾರನ ಕ್ರಮವೂ ಅದೇ ಅಲ್ಲವೇ? ಹೊಸ ಮಾಲೆಯನ್ನು ಮೊದಲು ಒಂದೇ ಮಗ್ಗಕ್ಕೆ ಏರಿಸಬೇಕು. ಗೇಣುದ್ದ ನೇಯ್ದು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಉಳಿದ ಮನೆಗಳಿಗೆ ಕೊಡಬೇಕು. ಅಲ್ಲಿಯವರೆಗೆ ಹಳೆಯ ಮಾಲೆ ಗೋಡೆಯ ಮೊಳೆಯಲ್ಲಿ ತೂಗುತ್ತಿರಲಿ.