ಮಸ್ಕಿಯ ಗುಡ್ಡದಲ್ಲೊಂದು ಹೆಸರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿಯೆಂಬ ಊರುಂಟು. ಪ್ರವಾಸಿಗಳಲ್ಲಿ ಬಹುಮಂದಿ ಇಲ್ಲಿ ಚಹ ಕುಡಿದು ಮುಂದೆ ಸಾಗುವರು. ನಾವೂ ಎರಡು ಸಾರೆ ಹಾಗೆಯೇ ಸಾಗಿದ್ದೆವೆಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಮೂರನೆಯ ಸಾರೆ ಮಕ್ಕಳ ಹಟಕ್ಕೆ ಮಣಿದು ಇಳಿದೆವು.

ತುಂಗಭದ್ರೆಯ ಕಾಲುವೆಯಿಂದ ಹಸುರಾದ ಸಿಂಧನೂರಿನ ಬತ್ತದ ಗದ್ದೆಗಳನ್ನು ನೋಡುತ್ತ ಬಂದ ಕಣ್ಣಿಗೆ ಮಸ್ಕಿಯ ದುರ್ಗದ ಗುಡ್ಡವು ಬರಿಯ ಬಂಡೆಗಳ ರಾಶಿಯಾಗಿ ತೋರುವದು. ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬನು, “ಅಶೋಕನ ಕಲ್ಲು ನೋಡಾಕ ಬಂದೀರೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಾಳಾದನು.

ಈ ಕಲ್ಲಿನ ಮಹಿಮೆಯನ್ನು ವಾಚಕರು ತಿಳಿಯತಕ್ಕದ್ದು. ಬ್ರಾಹ್ಮೀ ಲಿಪಿಯ ರಾಜಶಾಸನಗಳನ್ನು ಜೇಮ್ಸ್ ಪ್ರಿನ್ಸೆಪನು 1837ರ ಸುಮಾರಿಗೆ ಓದಿದನಷ್ಟೆ. ಅವುಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಮಾತ್ರ ಕರೆದುಕೊಂಡಿದ್ದನು. ಈತನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರೇ ಹೊರತು ಕಲ್ಲಿನ ಸಾಕ್ಷಿಯಿರಲಿಲ್ಲ. 1915ರಲ್ಲಿ, ನಿಜಾಮರ ಸೀಮೆಯಲ್ಲಿ ಹೊನ್ನಿನ ನೆಲೆಯನ್ನರಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಈ ಬಂಡೆ ಬಿದ್ದಿತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಮೊದಲ ಸಾಲಿನಲ್ಲಿಯೇ ಅಶೋಕನ ಹೆಸರು! ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಹೊಳೆಯಾಚೆ ಸಿರುಗುಪ್ಪ ತಾಲೂಕಿನ ನಿಟ್ಟೂರು ಉದೆಗೋಳಗಳಲ್ಲಿಯೂ ಆ ಹೆಸರು ದೊರಕಿತು. ಮೊದಲ ಮಾನ ಮಾತ್ರ ಮಸ್ಕಿಯದೇ.

ಇನ್ನೊಂದು ಪ್ರಶ್ನೆಯು ನಮ್ಮನ್ನು ಬಹಳ ಕಾಡಿತು. ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯ ಶಾಸನದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೋರಿ ಆಜ್ಞೆ ಕಳುಹಿದ್ದಾರೆ. ಎಂದರೆ ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿ. ಅದೆಲ್ಲಿ? ಕೆಲವರು ಮಸ್ಕಿಯೆನ್ನುವರು, ಕೆಲವರು ಹೆಸರಿನ ಬಲದಿಂದ ಕನಕಗಿರಿಯೆನ್ನುವರು, ಆಂಧ್ರದ ಜೊನ್ನಗಿರಿಯ ಪಕ್ಷದವರೂ ಉಂಟು. ಬರಿಯ ಹೆಸರನ್ನು ನಂಬುವದು ನಮಗೆ ಸೇರದು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕಿಳಿದು ಚಿನ್ನ ತೆಗೆದ ಕುರುಹುಗಳಿರುವದರಿಂದ ನಮ್ಮ ಮನಸ್ಸು ಈ ಸೀಮೆಯತ್ತಲೇ ಒಲಿಯುವದು. 1954ರಲ್ಲಿ ಬಿ. ಕೆ. ಥಾಪರರು ಇಲ್ಲಿ ಅಗೆಯಿಸಿ, ಶಿಲಾಯುಗದ ಕೊನೆಯಿಂದ ಮಧ್ಯಯುಗದ ವರೆಗಿನ ವಸತಿಯ ಪದರುಗಳನ್ನು ಕಂಡರು. ಆದರೂ ವಾದವು ತೀರಲಿಲ್ಲ.

ಬಂಡೆಯ ಬಳಿ ನಿಂತಾಗ ಅಕ್ಷರಗಳು ಅಲ್ಲಲ್ಲಿ ಮಾಸಿದ್ದು ಕಂಡು ಮನಸ್ಸು ನೊಂದಿತು. ದೊಡ್ಡವರು ಮಾತ್ರವಲ್ಲ, ಧರ್ಮದಲ್ಲಿ ನಡೆವ ಸಣ್ಣವನೂ ಈ ಫಲವನ್ನು ಪಡೆಯಬಲ್ಲನೆಂದು ಅರಸನು ಇದರಲ್ಲಿ ಹೇಳಿರುವನೆಂದು ನಾವು ಮಕ್ಕಳಿಗೆ ವಿವರಿಸುತ್ತಿದ್ದೆವು. ಅಷ್ಟರಲ್ಲಿ ನಮ್ಮ ಕಿರಿಯವನು ಹೆಸರನ್ನು ಮುಟ್ಟಲು ಕೈ ನೀಡಿದನು.

“ಮುಟ್ಟಬ್ಯಾಡೋ ತಮ್ಮಾ, ಅಕ್ಷರ ಸವೀತಾವು” ಎಂದು ಕುರಿಯ ಹುಡುಗನು ತಡೆದನು. ಬಳಿಕ ತನ್ನ ಕೋಲನ್ನು ಕಲ್ಲಿಗೆ ತಾಕದಂತೆ ಎತ್ತಿ ಹಿಡಿದು, ಹೆಸರಿರುವ ಸಾಲನ್ನು ತೋರಿಸಿದನು.