ಎಪ್ಪತ್ತೈದು ರನ್ನಿನ ಮುನ್ನಡೆ

ರಣಜಿ ಫೈನಲ್‌ಗೆ ಒಂದು ನಿಯಮವುಂಟು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುನ್ನಡೆ ಪಡೆದವರೇ ಗೆದ್ದಂತೆ. ಮುನ್ನಡೆ ಸಿಕ್ಕಿತೋ, ಆಮೇಲೆ ಸೋಲದಿದ್ದರಾಯಿತು. ಕೇಳುವುದಕ್ಕೇನೋ ಬಲು ಸುಲಭ!

1998-99ರಲ್ಲಿ ರಣಜಿ ಇನ್ನೂ ವಲಯವಾರು ನಡೆಯುತ್ತಿತ್ತು. ತಮಿಳುನಾಡು, ಹೈದರಾಬಾದುಗಳಂಥ ನೆರೆಯವರೊಡನೆ ಸೆಣಸಿ ದಕ್ಷಿಣ ವಲಯ ದಾಟಿದರಷ್ಟೇ ಮುಂದಿನ ಮಾತು. ಆಚೆಮನೆ ಈಚೆಮನೆಯವರ ಪೈಪೋಟಿಯ ರುಚಿಯೇ ಬೇರೆ. 2002-03ರಲ್ಲಿ ಆ ಪದ್ಧತಿ ಹೋಯಿತು. ನನಗಂತೂ ಅದು ಇಷ್ಟವಾಗಲಿಲ್ಲ.

ಆ ಸಲದ ಫೈನಲ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಧ್ಯಪ್ರದೇಶದ ಎದುರು. ಹಾಲುರಾಮೇಶ್ವರದ ಕಡೆಯ ನಮಗೆ ಬಸ್ಸಿನಲ್ಲಿ ಬರುವ ಪತ್ರಿಕೆಯೇ ಸ್ಕೋರ್‌ಬೋರ್ಡು. ಕರ್ನಾಟಕ 304, ಮಧ್ಯಪ್ರದೇಶ 379 ಎಂದು ಓದಿದಾಗ ಕಪ್ಪು ಕೈತಪ್ಪಿತೆಂದೇ ಎಲ್ಲರ ತೀರ್ಮಾನ. ಎರಡನೇ ಇನಿಂಗ್ಸಿನಲ್ಲಿ ನಮ್ಮವರು 321 ಸೇರಿಸಿದರು. ಎದುರಾಳಿಗೆ ಗುರಿ 247. ಅದನ್ನು ಮುಟ್ಟದೆ ಸುಮ್ಮನೆ ನಿಂತರೂ ಟ್ರೋಫಿ ಅವರದೇ.

ನಿಲ್ಲಲಾಗಲಿಲ್ಲ. ಕನ್ನಡಕದ ವಿಜಯ್ ಭಾರದ್ವಾಜ್, ಮುಖ್ಯವಾಗಿ ಬ್ಯಾಟ್ಸ್‌ಮನ್, ತಮ್ಮ ಆಫ್ ಸ್ಪಿನ್ನಿನಿಂದ 24 ರನ್ನಿಗೆ 6 ವಿಕೆಟ್ ಕಿತ್ತರು. ಕಡೆಯ ದಿನದ ಪಿಚ್ಚೆಂದರೆ ಒಣಗಿ ಬಿರಿದ ಕೆರೆಯಂಗಳದ ಹಾಗೆ. ಮಣ್ಣು ಸಡಿಲವಾಗಿ ನೆಲ ಒರಟಾದಷ್ಟೂ ತಿರುಗುವ ಚೆಂಡಿಗೆ ಘರ್ಷಣೆ ಹೆಚ್ಚು, ಪಕ್ಕಕ್ಕೆ ಹೊರಳುವುದೂ ಹೆಚ್ಚು. (ಘರ್ಷಣೆಯ ಪಾಠಕ್ಕೆ ಇಳಿಜಾರಿನ ಹಲಗೆಗಿಂತ ಇದೇ ಒಳ್ಳೆಯ ಉದಾಹರಣೆ, ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.) ಮಧ್ಯಪ್ರದೇಶ 150ಕ್ಕೆ ಆಲೌಟ್. ಕರ್ನಾಟಕಕ್ಕೆ 96 ರನ್ನಿನ ಜಯ.

ಅದೇ ವರ್ಷ ನೈರೋಬಿಯಲ್ಲಿ ಭಾರದ್ವಾಜ್ ಭಾರತ ತಂಡಕ್ಕೆ ಮೊದಲ ಸಲ ಆಡಿ ಸರಣಿಶ್ರೇಷ್ಠರಾದರು. ಆದರೆ ಒಟ್ಟು ಮೂರೇ ಟೆಸ್ಟ್, ಹತ್ತು ಏಕದಿನ ಪಂದ್ಯ, ಅಲ್ಲಿಗೆ ಮುಗಿಯಿತು. ಅವರ ಯೋಗ್ಯತೆಗೆ ಇದು ತೀರಾ ಕಡಿಮೆ.

ಸೋತ ನಾಯಕ ಚಂದ್ರಕಾಂತ್ ಪಂಡಿತ್ ಬಗ್ಗೆ ಆಗ ಇಲ್ಲಿ ಯಾರು ಯೋಚಿಸಿದ್ದರು? ಮುಂಬೈಯಲ್ಲಿ ಬೆಳೆದು ಮಧ್ಯಪ್ರದೇಶಕ್ಕೆ ಹೋದವರು. 2022ರ ಜೂನ್ 26ರಂದು ಅದೇ ಮಧ್ಯಪ್ರದೇಶ, ಅದೇ ಚಿನ್ನಸ್ವಾಮಿಯಲ್ಲಿ, ಮುಂಬೈಯನ್ನೇ ಆರು ವಿಕೆಟ್‌ಗಳಿಂದ ಸೋಲಿಸಿ ಮೊದಲ ಸಲ ರಣಜಿ ಗೆದ್ದಿತು. ಕೋಚ್ ಪಂಡಿತ್ ಮೈದಾನದಲ್ಲೇ ಅತ್ತರು. ಹುಡುಗರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಟಿವಿಯಲ್ಲಿ ಅದನ್ನು ನೋಡುತ್ತ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.